ಏಳು, ಹನ್ನೊಂದು ಮತ್ತು ಒಂದು ಗುಟ್ಟು: ಗೂಢಲಿಪಿಯ ಗಣಿತವನ್ನು ಕಾಗದದ ಮೇಲೆ ಮಾಡಿ ನೋಡುವುದು ಹೇಗೆ

89ನ್ನು 97ರಿಂದ ಗುಣಿಸಿ. ಕಾಗದ ಪೆನ್ನು ಇದ್ದರೆ ಅರ್ಧ ನಿಮಿಷ ಸಾಕು, 8,633 ಬರುತ್ತದೆ. ಈಗ ಅದನ್ನೇ ತಿರುಗಿಸಿ ಕೇಳುತ್ತೇನೆ. 8,633 ಯಾವ ಎರಡು ಸಂಖ್ಯೆಗಳ ಗುಣಲಬ್ಧ? ಉತ್ತರ ಮೊದಲೇ ಗೊತ್ತಿರದಿದ್ದರೆ 2, 3, 5, 7, 11 ಅಂತ ಒಂದೊಂದರಿಂದಲೇ ಭಾಗಿಸಿ ನೋಡಬೇಕು. 89 ಸಿಗುವುದು ಇಪ್ಪತ್ತನಾಲ್ಕನೇ ಪ್ರಯತ್ನಕ್ಕೆ.

ಹೋಗುವುದು ಸಲೀಸು, ವಾಪಸ್ ಬರುವುದು ಕಷ್ಟ. ಈ ಒಂದು ವ್ಯತ್ಯಾಸದ ಮೇಲೆ ಆರ್‌ಎಸ್‌ಎ ಎಂಬ ಗೂಢಲಿಪಿ ನಿಂತಿದೆ. ಜಿಎಸ್‌ಟಿ ಅಥವಾ ಕಂಪನಿ ದಾಖಲೆಗಳಿಗೆ ಲೆಕ್ಕಪತ್ರದವರು ಯುಎಸ್‌ಬಿ ಟೋಕನ್ ಹಾಕಿ ಡಿಜಿಟಲ್ ಸಹಿ ಮಾಡುತ್ತಾರಲ್ಲ, ಅದರ ಹಿಂದೆಯೂ ಸಾಮಾನ್ಯವಾಗಿ ಇದೇ ಲೆಕ್ಕ ಇರುತ್ತದೆ. ಇದನ್ನು ಓದಿ ತಿಳಿಯುವುದಕ್ಕಿಂತ ಕೈಯಾರೆ ಮಾಡಿದರೆ ಚೆನ್ನಾಗಿ ತಲೆಗೆ ಹತ್ತುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಪಿಯುಸಿ ಓದುವ ಅಕ್ಕನ ಮಗಳಿಗೆ ಹೀಗೇ ಹೇಳಿಕೊಟ್ಟೆ. ಒಂದು ನೋಟ್‌ಬುಕ್, ಒಂದು ಪೆನ್ನು, ಎಸ್‌ಎಸ್‌ಎಲ್‌ಸಿಯ ಗಣಿತ, ಎರಡು ಗಂಟೆ ಬಿಡುವು ಇದ್ದರೆ ಸಾಕು.

ಮೊದಲು, ತೊಂದರೆ ಎಲ್ಲಿತ್ತು?

ಹಳೆಯ ಗೂಢಲಿಪಿಗಳಲ್ಲಿ ಬರೆಯುವವರಿಗೂ ಓದುವವರಿಗೂ ಒಂದೇ ಕೀ. ರೋಮ್‌ನ ಜೂಲಿಯಸ್ ಸೀಸರ್ ಪ್ರತಿ ಅಕ್ಷರದ ಬದಲು ಅದಕ್ಕಿಂತ ಮೂರು ಸ್ಥಾನ ಮುಂದಿನದನ್ನು ಬರೆಯುತ್ತಿದ್ದನಂತೆ. ಆ 'ಮೂರು' ಎಂಬುದು ಓದುವವನಿಗೆ ಮೊದಲೇ ಗೊತ್ತಿರಬೇಕು. ಅದನ್ನು ಗುಟ್ಟಾಗಿ ತಲುಪಿಸುವುದು ಹೇಗೆ? ಎಂದೂ ಭೇಟಿಯಾಗದ ಇಬ್ಬರು ಯಾರೋ ಕದ್ದು ಕೇಳುತ್ತಿರುವ ತಂತಿಯ ಮೇಲೆ ಕೀ ಹಂಚಿಕೊಳ್ಳಬೇಕು ಅಂದರೆ ಆಗದ ಮಾತು ಅಂತಲೇ ಬಹಳ ಕಾಲ ಎಲ್ಲರೂ ನಂಬಿದ್ದರು.

1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಬೇರೆ ದಾರಿ ತೋರಿಸಿದರು. ಒತ್ತಿದರೆ ತಾನೇ ಹಾಕಿಕೊಳ್ಳುವ ಬೀಗಗಳನ್ನು ನೆನೆಸಿಕೊಳ್ಳಿ. ನಾನು ಅಂಥ ಬೀಗಗಳನ್ನು ತೆರೆದೇ ಊರೆಲ್ಲ ಹಂಚುತ್ತೇನೆ. ಯಾರು ಬೇಕಾದರೂ ಪೆಟ್ಟಿಗೆಗೆ ಹಾಕಿ ಒತ್ತಿ ನನಗೆ ಕಳಿಸಬಹುದು. ಬೀಗದ ಕೈ ಮಾತ್ರ ನನ್ನೊಬ್ಬನ ಹತ್ತಿರ ಇರುತ್ತದೆ. ಹಂಚುವ ಬೀಗ ಪಬ್ಲಿಕ್ ಕೀ, ನನ್ನ ಹತ್ತಿರ ಉಳಿಯುವುದು ಪ್ರೈವೇಟ್ ಕೀ.

"ಹಂಗಾದ್ರೆ ಬೀಗ ಹಾಕಿದೋರಿಗೇ ಅದನ್ನ ತೆಗೆಯೋಕೆ ಬರಲ್ವಾ ಮಾಮ?" ಅಂತ ಅಕ್ಕನ ಮಗಳು ಕೇಳಿದಳು. ಬರಲ್ಲ. ಅದೇ ಇದರ ಸೊಗಸು.

ಅಂಥ ಬೀಗವನ್ನು ಸಂಖ್ಯೆಗಳಿಂದ ಕಟ್ಟಿ ತೋರಿಸಿದವರು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ರಿವೆಸ್ಟ್, ಶಮೀರ್, ಏಡಲ್‌ಮನ್. ವರ್ಷ 1977. ಮೂವರ ಹೆಸರಿನ ಮೊದಲ ಅಕ್ಷರಗಳೇ ಆರ್‌ಎಸ್‌ಎ. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂನಲ್ಲಿದ್ದ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಇದನ್ನು ಕಂಡುಹಿಡಿದಿದ್ದರು. ಹೊರಗೆ ಹೇಳುವಂತಿರಲಿಲ್ಲ. ಜಗತ್ತಿಗೆ ಗೊತ್ತಾಗಿದ್ದು 1997ರಲ್ಲಿ.

ಹೆಜ್ಜೆ 1: ಶೇಷದ ಲೆಕ್ಕ ರೂಢಿಸಿಕೊಳ್ಳಿ

ರಾತ್ರಿ 10ಕ್ಕೆ ಬಸ್ ಹತ್ತಿದಿರಿ, ಪ್ರಯಾಣ 9 ಗಂಟೆ. ಬೆಳಗ್ಗೆ 7ಕ್ಕೆ ಇಳಿಯುತ್ತೀರಿ. 19 ಗಂಟೆಗೆ ಇಳಿಯುತ್ತೇನೆ ಅಂತ ಯಾರೂ ಹೇಳುವುದಿಲ್ಲ. 12 ಬಿಟ್ಟು ಉಳಿದದ್ದನ್ನು ಹೇಳುತ್ತೇವೆ. ಇವತ್ತು ಸೋಮವಾರ ಆದರೆ 100 ದಿನದ ನಂತರ ಯಾವ ವಾರ? 100ನ್ನು 7ರಿಂದ ಭಾಗಿಸಿದರೆ ಶೇಷ 2, ಅಂದರೆ ಬುಧವಾರ. ನಮಗೆ ಬೇಕಾದ ಲೆಕ್ಕ ಇಷ್ಟೇ. ಭಾಗಲಬ್ಧ ಬಿಡಿ, ಶೇಷ ಇಟ್ಟುಕೊಳ್ಳಿ.

ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಗುಣಾಕಾರ ಎಲ್ಲ ಮುಗಿಸಿ ಕೊನೆಗೆ ಶೇಷ ತೆಗೆದರೂ ಒಂದೇ, ಪ್ರತಿ ಗುಣಾಕಾರಕ್ಕೂ ಶೇಷ ತೆಗೆಯುತ್ತಾ ಹೋದರೂ ಒಂದೇ. ಹಾಗಾಗಿ ಸಂಖ್ಯೆ ಎಂದೂ ಬೆಳೆದು ಕೈ ಮೀರುವುದಿಲ್ಲ. ಒಂದು ಮಾಡಿ ನೋಡಿ: 48 × 48 = 2304. 77ರಿಂದ ಭಾಗಿಸಿ. 77 × 29 = 2233, ಶೇಷ 71. ಈ 71ನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹೆಜ್ಜೆ 2: ಫರ್ಮಾ ಕಂಡ ಚಕ್ರ

ಈಗ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ. 3ರಿಂದ ಶುರು ಮಾಡಿ. ಪ್ರತಿ ಸಲ 3ರಿಂದ ಗುಣಿಸಿ, 7ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ.

3, 2, 6, 4, 5, 1

ಆರನೇ ಜಾಗದಲ್ಲಿ 1 ಬಂತು. ಮುಂದೆ ಹೋದರೆ ಮತ್ತೆ 3, 2, 6... ಅದೇ ಸುತ್ತು. 3ರ ಬದಲು 2, 4, 5, 6 ಯಾವುದನ್ನು ಹಿಡಿದರೂ ಆರನೇ ಜಾಗದಲ್ಲಿ 1 ಬರಲೇಬೇಕು. ದಯವಿಟ್ಟು ಇದನ್ನು ನನ್ನ ಮಾತಿನ ಮೇಲೆ ಒಪ್ಪಬೇಡಿ, ಐದು ನಿಮಿಷ ಕೂತು ಎಲ್ಲವನ್ನೂ ಬರೆದು ನೋಡಿ. 11ಕ್ಕೂ ಹೀಗೇ. 2ನ್ನು ಹಿಡಿದರೆ 2, 4, 8, 5, 10, 9, 7, 3, 6, 1. ಹತ್ತನೇ ಜಾಗದಲ್ಲಿ 1.

7ಕ್ಕೆ 6, 11ಕ್ಕೆ 10. ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದಕ್ಕಿಂತ ಒಂದು ಕಡಿಮೆ ಹೆಜ್ಜೆಗೆ 1 ಬರುತ್ತದೆ. ಇದನ್ನು ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರಲ್ಲಿ ಹೇಳಿದ. ವೃತ್ತಿಯಲ್ಲಿ ಅವನು ವಕೀಲ.

7ರ ಚಕ್ರವೂ 11ರ ಚಕ್ರವೂ ಒಟ್ಟಿಗೆ 1ಕ್ಕೆ ಬರುವ ಒಂದು ಜಾಗ ಬೇಕು. 6 × 10 = 60 ಆ ಕೆಲಸ ಮಾಡುತ್ತದೆ. ಅಂದರೆ 7ರಿಂದಲೂ 11ರಿಂದಲೂ ಭಾಗವಾಗದ ಯಾವ ಸಂಖ್ಯೆಯನ್ನಾದರೂ 60ನೇ ಘಾತಕ್ಕೆ ಏರಿಸಿ 77ರಿಂದ ಭಾಗಿಸಿದರೆ ಶೇಷ 1. ಇದನ್ನು ಎಲ್ಲ ಸಂಖ್ಯೆಗಳಿಗೂ ಹೊಂದುವಂತೆ ವಿಸ್ತರಿಸಿದವನು ಗಣಿತಜ್ಞ ಆಯ್ಲರ್.

ಈ 60ರ ಮೇಲೆ ಕಣ್ಣಿಟ್ಟಿರಿ. ಗುಟ್ಟೆಲ್ಲ ಇದರಲ್ಲೇ ಇದೆ.

ಹೆಜ್ಜೆ 3: ಬೀಗ ಮಾಡಿ

ಎರಡು ಅವಿಭಾಜ್ಯ ಸಂಖ್ಯೆ: 7 ಮತ್ತು 11. ಯಾರಿಗೂ ಹೇಳಬೇಡಿ.
ಗುಣಿಸಿ: 77. ಎಲ್ಲರಿಗೂ ಹೇಳಿ.
ಒಂದೊಂದು ಕಳೆದು ಗುಣಿಸಿ: 6 × 10 = 60. ಯಾರಿಗೂ ಹೇಳಬೇಡಿ.

60ರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಒಂದು ಸಂಖ್ಯೆ ಆರಿಸಿ. 2, 3, 5 ಆಗುವುದಿಲ್ಲ, 60 ಅವುಗಳಿಂದ ಭಾಗವಾಗುತ್ತದೆ. 7 ಆಗುತ್ತದೆ. ಇದು ಮೊದಲು ಆರಿಸಿದ 7 ಅಲ್ಲ, ಆಕಸ್ಮಿಕವಾಗಿ ಅದೇ ಸಂಖ್ಯೆ ಬಂದಿದೆ ಅಷ್ಟೆ. ಇದನ್ನೂ ಎಲ್ಲರಿಗೂ ಹೇಳಿ. ನಿಮ್ಮ ಪಬ್ಲಿಕ್ ಕೀ ಎಂದರೆ 77 ಮತ್ತು 7, ಇವೆರಡು.

ಹೆಜ್ಜೆ 4: ಬೀಗದ ಕೈ ಮಾಡಿ

ನನಗೆ ತುಂಬ ಇಷ್ಟವಾದ ಹೆಜ್ಜೆ ಇದು, ನಿಧಾನಕ್ಕೆ ಹೋಗೋಣ. 7ರಿಂದ ಗುಣಿಸಿ 60ರಿಂದ ಭಾಗಿಸಿದಾಗ ಶೇಷ 1 ಬರುವ ಸಂಖ್ಯೆ ಬೇಕು. ಒಂದೊಂದನ್ನೇ ಹಾಕಿ ನೋಡಿದರೂ ಸಿಗುತ್ತದೆ. ಆದರೆ ಸಂಖ್ಯೆಗಳು ನೂರಾರು ಅಂಕಿ ಉದ್ದ ಇದ್ದಾಗ ಅದು ನಡೆಯುವುದಿಲ್ಲ.

ಮ.ಸಾ.ಅ. ಕಂಡುಹಿಡಿಯಲು ಶಾಲೆಯಲ್ಲಿ ಮಾಡಿದ ಯೂಕ್ಲಿಡ್‌ನ ಭಾಗಾಕಾರ ನೆನಪಿದೆ ಅಲ್ವಾ? ಅದನ್ನೇ ಮಾಡಿ.

60 = 8 × 7 + 4
7 = 1 × 4 + 3
4 = 1 × 3 + 1

ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬರೆಯಿರಿ: 8, 1, 1. ಈಗ ಇವುಗಳಿಂದ ಹೊಸ ಸಾಲು ಕಟ್ಟಬೇಕು. 1ರಿಂದ ಶುರು. ಮುಂದಿನದು 8. ಆಮೇಲೆ ಪ್ರತಿ ಸಲ, ಈಗಿರುವುದನ್ನು ಮುಂದಿನ ಭಾಗಲಬ್ಧದಿಂದ ಗುಣಿಸಿ ಹಿಂದಿನದನ್ನು ಕೂಡಿಸಿ. 8 × 1 + 1 = 9. 9 × 1 + 8 = 17. ಸಿಕ್ಕಿದ್ದು 1, 8, 9, 17.

ಇವನ್ನು 7ರಿಂದ ಗುಣಿಸಿ ನೋಡಿ:

7 × 8 = 56, ಇದು 60ಕ್ಕೆ 4 ಕಡಿಮೆ.
7 × 9 = 63, ಇದು 60ಕ್ಕಿಂತ 3 ಜಾಸ್ತಿ.
7 × 17 = 119, ಇದು 120ಕ್ಕೆ 1 ಕಡಿಮೆ.

4, 3, 1. ಮೇಲೆ ಭಾಗಾಕಾರದಲ್ಲಿ ಬಂದ ಶೇಷಗಳೇ ಇವು. ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ, ಹೀಗೆ ತೂಗುತ್ತಾ 1ರ ಹತ್ತಿರ ಬರುತ್ತವೆ. ನಮಗೆ ಬೇಕಿರುವುದು 1 ಜಾಸ್ತಿ, ಸಿಕ್ಕಿದ್ದು 1 ಕಡಿಮೆ. ಹಾಗಾಗಿ 60ರಿಂದ ಕಳೆಯಿರಿ: 60 − 17 = 43. ಸರಿಯೇ? 7 × 43 = 301 = 5 × 60 + 1. ಸರಿ. ನಿಮ್ಮ ಪ್ರೈವೇಟ್ ಕೀ 43.

ಈ ಲೆಕ್ಕಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಕುಟ್ಟಕ. ಕುಟ್ಟಿ ಪುಡಿ ಮಾಡುವುದು ಅಂತ ಅರ್ಥ. 60 ಮತ್ತು 7ನ್ನು ಕುಟ್ಟಿ ಕುಟ್ಟಿ 1ರವರೆಗೆ ತಂದೆವಲ್ಲ, ಅದಕ್ಕೆ ಒಪ್ಪುವ ಹೆಸರು. ಕ್ರಿ.ಶ. 499ರಲ್ಲಿ ಆರ್ಯಭಟ ಈ ವಿಧಾನ ಕೊಟ್ಟ. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇದನ್ನು 'ವಲ್ಲಿಕಾ ಕುಟ್ಟೀಕಾರ' ಅಂತ ಕರೆದು ಹಣ್ಣು ಹಂಚುವ ಥರದ ಲೆಕ್ಕಗಳಿಗೆ ಬಳಸಿದ. ವಲ್ಲಿ ಅಂದರೆ ಬಳ್ಳಿ. 8, 1, 1 ಅಂತ ಕೆಳಕ್ಕೆ ಇಳಿಬಿಟ್ಟ ಸಾಲು ಬಳ್ಳಿಯ ಹಾಗೇ ಕಾಣುತ್ತದೆ. ಇವರು ಯಾರೂ ಗೂಢಲಿಪಿ ಮಾಡಲಿಲ್ಲ, ಹಾಗೆ ಹೇಳುವುದು ತಪ್ಪು. ಆದರೆ ಇವತ್ತು ಕಂಪ್ಯೂಟರ್ ಒಂದು ಆರ್‌ಎಸ್‌ಎ ಕೀ ತಯಾರಿಸುವಾಗ ಇದೇ ಜಾತಿಯ ಲೆಕ್ಕ ಮಾಡುತ್ತದೆ. ಇದು ಗೊತ್ತಾದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹೆಜ್ಜೆ 5: ಬೀಗ ಹಾಕಿ

ವರ್ಣಮಾಲೆಗೆ ಸಂಖ್ಯೆ ಕೊಡೋಣ. ಅ 1, ಆ 2, ಹೀಗೆ ಔ 13, ಅಂ 14, ಅಃ 15. ಕ 16ರಿಂದ ಮ 40ರವರೆಗೆ ವರ್ಗೀಯ ವ್ಯಂಜನ. ಯ 41ರಿಂದ ಳ 49ರವರೆಗೆ ಉಳಿದವು. ಒಟ್ಟು 49, ಎಲ್ಲವೂ 77ರೊಳಗೆ ಕೂರುತ್ತವೆ. ಅದು ಮುಖ್ಯ.

'ಹಣ' ಅಂತ ಕಳಿಸೋಣ. ಹ 48, ಣ 30.

ಪಬ್ಲಿಕ್ ಕೀ ಹೇಳುವುದು ಏನು? 7ನೇ ಘಾತಕ್ಕೆ ಏರಿಸು, 77ರಿಂದ ಭಾಗಿಸಿ ಶೇಷ ಕಳಿಸು. 7 = 4 + 2 + 1, ಆದ್ದರಿಂದ ವರ್ಗ ಮಾಡುತ್ತಾ ಹೋದರೆ ಸಾಕು.

48² ಶೇಷ 71 (ಆಗಲೇ ಬರೆದಿಟ್ಟಿದ್ದೀರಿ).
48⁴ ಅಂದರೆ 71 × 71 = 5041, ಶೇಷ 36.
36 × 71 = 2556, ಶೇಷ 15.
15 × 48 = 720, ಶೇಷ 27.

ಹ ಹೋಗಿ 27 ಆಯಿತು. ಣ ನೀವೇ ಮಾಡಿ. 30² ಶೇಷ 53, 30⁴ ಶೇಷ 37, 37 × 53 ಶೇಷ 36, 36 × 30 ಶೇಷ 2. ಕಳಿಸುವ ಸಂದೇಶ 27, 2. ಅಕ್ಷರಕ್ಕೆ ತಿರುಗಿಸಿ ಓದಿದರೆ 'ಠ ಆ'. ಹಣದ ಸುಳಿವೂ ಇಲ್ಲ.

ಹೆಜ್ಜೆ 6: ಬೀಗ ತೆಗೆಯಿರಿ

ಈಗ 43ನೇ ಘಾತ. ಮೊದಲು ಚಿಕ್ಕದು, 2⁴³. ಪೂರ್ತಿ ಗುಣಿಸಿದರೆ 87,96,09,30,22,208 ಎಂಬ 13 ಅಂಕಿಯ ಸಂಖ್ಯೆ. ಅಷ್ಟು ದೂರ ಹೋಗುವುದು ಬೇಡ. 43 = 32 + 8 + 2 + 1.

2² = 4
2⁴ = 16
2⁸ = 256, ಶೇಷ 25
2¹⁶: 25 × 25 = 625, ಶೇಷ 9
2³²: 81, ಶೇಷ 4

ಬೇಕಾದವನ್ನು ಮಾತ್ರ ಗುಣಿಸಿ. 4 × 25 = 100, ಶೇಷ 23. 23 × 4 = 92, ಶೇಷ 15. 15 × 2 = 30. ಣ ವಾಪಸ್ ಬಂತು.

27⁴³ಕ್ಕೂ ಹಾಗೇ. ವರ್ಗಗಳ ಸಾಲು: 27, 36, 64, 15, 71, 36. ಇದರಲ್ಲಿ 32, 8, 2, 1ನೇ ಘಾತದವು 36, 15, 36, 27. 36 × 15 = 540, ಶೇಷ 1. ಹಾಗಾಗಿ ಉಳಿದಿದ್ದು 36 × 27 = 972, ಶೇಷ 48. ಹ ಬಂತು.

ಇಲ್ಲಿ ಒಂದು ಎಚ್ಚರಿಕೆ. ಮೊದಲ ಸಲ ಕಲಿಯುವಾಗ ನಾನು 27⁴³ನ್ನು ನೇರವಾಗಿ ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಅದು 62 ಅಂಕಿಯ ಸಂಖ್ಯೆ. ಸ್ಪ್ರೆಡ್‌ಶೀಟ್ ಮೊದಲ 15 ಅಂಕಿ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ, ಶೇಷ ತೆಗೆಯಲು ಬೇಕಿರುವ ಕೊನೆಯ ಅಂಕಿಗಳು ಹೋಗಿಬಿಡುತ್ತವೆ. ತಪ್ಪು ಎಲ್ಲಿ ಅಂತ ಒಂದು ಸಂಜೆಯೆಲ್ಲ ಹುಡುಕಿದ್ದೇನೆ. ಪ್ರತಿ ಗುಣಾಕಾರಕ್ಕೂ ಶೇಷ ತೆಗೆಯಿರಿ. ಪೈಥಾನ್ ಬಲ್ಲವರು ಅದರ ಘಾತದ ಫಂಕ್ಷನ್‌ಗೆ 27, 43, 77 ಎಂದು ಮೂರೂ ಸಂಖ್ಯೆ ಒಟ್ಟಿಗೆ ಕೊಟ್ಟರೆ ಸರಿಯಾಗಿ 48 ಕೊಡುತ್ತದೆ.

ಯಾಕೆ ಕೆಲಸ ಮಾಡಿತು?

7ನೇ ಘಾತ, ಆಮೇಲೆ 43ನೇ ಘಾತ. ಒಟ್ಟು 301ನೇ ಘಾತ. 301 ಅಂದರೆ ಐದು ಸಲ 60, ಮೇಲೆ ಒಂದು. ಪ್ರತಿ 60ಕ್ಕೂ ಚಕ್ರ ಸುತ್ತಿ 1ಕ್ಕೆ ಬರುತ್ತದೆ ಅಂತ ಎರಡನೇ ಹೆಜ್ಜೆಯಲ್ಲೇ ನೋಡಿದೆವು. ಐದು ಸುತ್ತು ಮುಗಿಸಿ ಒಂದು ಹೆಜ್ಜೆ ಮುಂದೆ ಇಟ್ಟರೆ ಹೊರಟ ಜಾಗವೇ.

ನ ಎಂಬ ಅಕ್ಷರದ ಸಂಖ್ಯೆ 35. ಅದು 7ರಿಂದ ಭಾಗವಾಗುತ್ತದೆ, ಅದರ 60ನೇ ಘಾತ 1 ಆಗುವುದಿಲ್ಲ. ಹಾಗಾದರೆ ನ ಕಳಿಸಿದರೆ ಕೆಡುತ್ತದಾ? ಇಲ್ಲ. 35 ಬೀಗ ಹಾಕಿದಾಗ 7 ಆಗುತ್ತದೆ, ತೆಗೆದಾಗ ಮತ್ತೆ 35. 7ರ ಚಕ್ರದಲ್ಲಿ ಅದು ಸೊನ್ನೆ, ಏನು ಮಾಡಿದರೂ ಸೊನ್ನೆಯೇ. 11ರ ಚಕ್ರದಲ್ಲಿ ಎಂದಿನಂತೆ ಸುತ್ತಿ ವಾಪಸ್ ಬರುತ್ತದೆ.

ಕಳ್ಳ ಏನು ಮಾಡಬೇಕು?

ಅವನಿಗೆ 77, 7 ಮತ್ತು 27, 2 ಎಲ್ಲವೂ ಗೊತ್ತು. 43 ಬೇಕು. 43 ಬೇಕಾದರೆ 60 ಬೇಕು. 60 ಬೇಕಾದರೆ 77ನ್ನು ಒಡೆಯಬೇಕು. 77 ಒಡೆಯುವುದು ಮಗ್ಗಿ ಬಲ್ಲ ಮಗುವಿಗೂ ಬರುತ್ತದೆ. ಆದ್ದರಿಂದ ನಿಜವಾದ ಕೀಗಳಲ್ಲಿ 77ರ ಜಾಗದಲ್ಲಿ ಸಾಮಾನ್ಯವಾಗಿ 2,048 ಬಿಟ್‌ನ ಸಂಖ್ಯೆ ಇರುತ್ತದೆ. ಬರೆದರೆ 617 ಅಂಕಿ. 7ರ ಜಾಗದಲ್ಲಿ ಹೆಚ್ಚಿನವರು 65,537 ಇಡುತ್ತಾರೆ. ಅದು 2ರ 16ನೇ ಘಾತಕ್ಕೆ ಒಂದು ಕೂಡಿಸಿದ್ದು, 16 ಸಲ ವರ್ಗ ಮಾಡಿ ಒಂದು ಸಲ ಗುಣಿಸಿದರೆ ಕೆಲಸ ಮುಗಿಯುತ್ತದೆ.

ಒಡೆಯುವುದು ಎಷ್ಟು ಕಷ್ಟ? 1977ರಲ್ಲಿ ಸಂಶೋಧಕರು 129 ಅಂಕಿಯ ಒಂದು ಸಂಖ್ಯೆ ಪ್ರಕಟಿಸಿ, ಅದರಿಂದ ಬೀಗ ಹಾಕಿದ ಸಂದೇಶ ಬಿಡಿಸಿದವರಿಗೆ 100 ಡಾಲರ್ ಬಹುಮಾನ ಎಂದಿದ್ದರು. ಒಡೆದಿದ್ದು 1994ರಲ್ಲಿ, ಇಂಟರ್ನೆಟ್ ಮೂಲಕ ಸುಮಾರು 600 ಮಂದಿ ತಮ್ಮ ಕಂಪ್ಯೂಟರ್‌ಗಳನ್ನು ಸೇರಿಸಿ. 250 ಅಂಕಿಯ ಸಂಖ್ಯೆ ಒಡೆದದ್ದು 2020ರಲ್ಲಿ. ಒಂದೇ ಪ್ರೊಸೆಸರ್ ಕೋರ್ ಆ ಕೆಲಸ ಮಾಡಿದ್ದರೆ ಸುಮಾರು 2,700 ವರ್ಷ ಹಿಡಿಯುತ್ತಿತ್ತು. 617 ಅಂಕಿ ಇನ್ನೂ ಬಹಳ ದೂರ. ಆದರೂ ಒಂದು ಮಾತು ನೇರವಾಗಿ ಹೇಳಬೇಕು. ಒಡೆಯುವುದು ಕಷ್ಟವೇ ಅಂತ ಯಾರೂ ಇದುವರೆಗೆ ಸಾಧಿಸಿ ತೋರಿಸಿಲ್ಲ. ಸುಲಭ ದಾರಿ ಯಾರಿಗೂ ಕಂಡಿಲ್ಲ, ಅಷ್ಟೆ. ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಸುಲಭವಾಗುತ್ತದೆ ಅಂತ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅದಕ್ಕೇ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಆಗಸ್ಟ್ 2024ರಲ್ಲಿ ಬೇರೆ ಗಣಿತದ ಮೇಲೆ ನಿಂತ ಹೊಸ ಮಾನಕಗಳನ್ನು ಹೊರಡಿಸಿತು.

ಅಷ್ಟು ದೊಡ್ಡ ಅವಿಭಾಜ್ಯ ಸಂಖ್ಯೆ ಸಿಗುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅಚ್ಚರಿ ಅಂದರೆ ಅವು ಧಾರಾಳವಾಗಿ ಇವೆ. 300 ಅಂಕಿಯ ಆಸುಪಾಸಿನಲ್ಲಿ ಸರಾಸರಿ 700 ಸಂಖ್ಯೆಗೆ ಒಂದು. ಕಂಪ್ಯೂಟರ್ ಒಂದು ಬೆಸ ಸಂಖ್ಯೆ ಆರಿಸಿ ಪರೀಕ್ಷಿಸುತ್ತದೆ, ಅಲ್ಲದಿದ್ದರೆ ಮುಂದಿನದು. ಪರೀಕ್ಷೆಗೆ ಫರ್ಮಾನ ಚಕ್ರವೇ ಬುನಾದಿ, ಅದನ್ನು ಇನ್ನಷ್ಟು ಬಿಗಿ ಮಾಡಿರುತ್ತಾರೆ. ಯಾಕೆಂದರೆ 561ರಂಥ ಸಂಖ್ಯೆಗಳು 3 × 11 × 17 ಆಗಿದ್ದರೂ ಫರ್ಮಾನ ಪರೀಕ್ಷೆಯಲ್ಲಿ ಅವಿಭಾಜ್ಯದಂತೆ ನಟಿಸುತ್ತವೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಸಂಶಯಕ್ಕೆ ಎಡೆಯಿಲ್ಲದೆ, ಬೇಗನೆ ಹೇಳಬಹುದು ಎಂದು 2002ರಲ್ಲಿ ಸಾಧಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಗಮನಿಸಿ, ಅವಿಭಾಜ್ಯ ಅಲ್ಲ ಅಂತ ಹೇಳುವುದು ಸುಲಭ, ಯಾವುದರಿಂದ ಭಾಗವಾಗುತ್ತದೆ ಅಂತ ಹೇಳುವುದು ಕಷ್ಟ.

ಇದನ್ನು ನಿಜವಾಗಿ ಬಳಸಬೇಡಿ

ನಾವು ಕಟ್ಟಿದ್ದು ಕಲಿಕೆಗೆ. ಸಂಖ್ಯೆ ದೊಡ್ಡದು ಮಾಡಿದರೂ ಒಂದು ತೂತು ಉಳಿಯುತ್ತದೆ. ಪಬ್ಲಿಕ್ ಕೀ ಎಲ್ಲರ ಬಳಿ ಇದೆ. ಕಳ್ಳ 49 ಅಕ್ಷರಗಳಿಗೂ ತಾನೇ ಬೀಗ ಹಾಕಿ ಪಟ್ಟಿ ಮಾಡಿಟ್ಟುಕೊಂಡರೆ ಏನನ್ನೂ ಒಡೆಯದೆ ಓದಿಬಿಡಬಹುದು. ಆದ್ದರಿಂದ ನಿಜವಾದ ಬಳಕೆಯಲ್ಲಿ ಸಂದೇಶಕ್ಕೆ ಪ್ರತಿ ಸಲ ಬೇರೆ ಬೇರೆ ಯಾದೃಚ್ಛಿಕ ಅಂಕಿಗಳನ್ನು ಬೆರೆಸುತ್ತಾರೆ. ಅದನ್ನು ಪ್ಯಾಡಿಂಗ್ ಅನ್ನುತ್ತಾರೆ. ಉದ್ದದ ಸಂದೇಶಗಳಿಗೆ ಎಇಎಸ್‌ನಂಥ ವೇಗದ, ಒಂದೇ ಕೀಯ ವಿಧಾನ ಇರುತ್ತದೆ. ಬ್ರೌಸರ್‌ಗಳು ಆ ಕೀ ಹಂಚಿಕೊಳ್ಳಲು ಈಗ ಹೆಚ್ಚಾಗಿ ಎಲಿಪ್ಟಿಕ್ ಕರ್ವ್ ಎಂಬ ಬೇರೆ ಗಣಿತವನ್ನು ಬಳಸುತ್ತವೆ. ಆರ್‌ಎಸ್‌ಎ ಜಾಸ್ತಿ ಉಳಿದಿರುವುದು ಸಹಿಯ ಕೆಲಸಕ್ಕೆ.

ಸಹಿ ಅಂದರೆ ಕೀಗಳನ್ನು ಅದಲು ಬದಲು ಮಾಡುವುದು. ಮೊದಲು 43, ಆಮೇಲೆ 7. ನಾನು 48ನ್ನು ನನ್ನ 43ನೇ ಘಾತಕ್ಕೆ ಏರಿಸಿದರೆ ಶೇಷ 20. '48, ಸಹಿ 20' ಅಂತ ಕಳಿಸುತ್ತೇನೆ. ನೀವು 20ನ್ನು 7ನೇ ಘಾತಕ್ಕೆ ಏರಿಸಿ: 15, 71, ಆಮೇಲೆ 64, ಕೊನೆಗೆ 48. ಹೊಂದಿತು. 43 ಗೊತ್ತಿಲ್ಲದವರಿಗೆ ಆ 20 ಹುಟ್ಟಿಸಲು ಬರುವುದಿಲ್ಲ, ಹಾಗಾಗಿ ಇದು ನನ್ನದೇ. ನಮ್ಮ ದೇಶದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ.

ಈಗ ನಿಮ್ಮ ಸರದಿ

ಅಕ್ಕನ ಮಗಳು ಊರಿಗೆ ವಾಪಸ್ ಹೋಗುವಾಗ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಒಂದು ಸಂದೇಶ ಬರೆದುಕೊಟ್ಟೆ. ಅದನ್ನೇ ನಿಮಗೂ ಕೊಡುತ್ತೇನೆ. ಅಕ್ಷರಗಳ ಸಂಖ್ಯೆ ಮೇಲಿನದೇ. ಪಬ್ಲಿಕ್ ಕೀ 55 ಮತ್ತು 3. ಪ್ರೈವೇಟ್ ಕೀ ಹೇಳುವುದಿಲ್ಲ. ನೀವು ಕಳ್ಳನ ಜಾಗದಲ್ಲಿ ಇದ್ದೀರಿ. 55 ಒಡೆಯಿರಿ, ಒಂದೊಂದು ಕಳೆದು ಗುಣಿಸಿ, ಕುಟ್ಟಕ ಹಾಕಿ. ಬಳ್ಳಿಯಲ್ಲಿ ಒಂದೇ ಎಲೆ ಇರುತ್ತದೆ, ಕೊನೆಗೆ ಕಡಿಮೆಯೋ ಜಾಸ್ತಿಯೋ ನೋಡಿಕೊಳ್ಳಿ. ಸಂದೇಶ ಮೂರು ಅಕ್ಷರದ ಒಂದು ಪದ:

38, 3, 4